ಎರಡು ಬೆಕ್ಕು, ಐದು ಕ್ರಿಸ್‌ಮಸ್: ಯಾವ ಉಡುಗೊರೆ ಉಳಿಯಿತು, ಯಾವುದು ಮೂಲೆ ಸೇರಿತು

ಬೆಕ್ಕಿಗೆ ಕೊಟ್ಟ ಉಡುಗೊರೆ ಸರಿಹೋಯಿತೋ ಇಲ್ಲವೋ ಅನ್ನುವುದನ್ನು ನಾನು ಡಿಸೆಂಬರ್ 25ರಂದು ನಿರ್ಧರಿಸುವುದಿಲ್ಲ. ಆ ದಿನ ಹೊಸದೆಂದರೆ ಎಲ್ಲವನ್ನೂ ಮೂಸುತ್ತವೆ, ಎಲ್ಲದರ ಮೇಲೂ ಹತ್ತುತ್ತವೆ. ನಕ್ಷತ್ರ ಇಳಿಸಿ, ಗೋದಲಿ ಬಿಚ್ಚಿಟ್ಟು ಒಂದು ತಿಂಗಳಾದ ಮೇಲೂ ಬೆಕ್ಕು ತಾನಾಗಿಯೇ ಅದರ ಹತ್ತಿರ ಹೋಗುತ್ತದೆಯೇ? ನನ್ನ ಅಳತೆಗೋಲು ಅದೊಂದೇ.

ನಮ್ಮಲ್ಲಿರುವುದು ಇಬ್ಬರು. ಚುಕ್ಕಿಗೆ 12 ವರ್ಷ, ಈಗ ಸೊಂಟ ಸ್ವಲ್ಪ ಬಿಗಿ, ಎತ್ತರಕ್ಕೆ ಹಾರುವುದನ್ನು ಬಿಟ್ಟಿದ್ದಾಳೆ. ಗುಂಡನಿಗೆ 5, ಮನೆಯಲ್ಲಿ ಅವನು ಹತ್ತದ ಜಾಗವಿಲ್ಲ. ಒಂದೇ ವಸ್ತುವನ್ನು ಇಬ್ಬರಿಗೂ ಕೊಟ್ಟು ನೋಡಿದ್ದರಿಂದಲೇ ನನಗೆ ಹೆಚ್ಚು ತಿಳಿದದ್ದು.

ಮೊದಲು ಲೇಸರ್ ಲೈಟು ಮತ್ತು ಗರಿ ಕಟ್ಟಿದ ಕೋಲು. ಎರಡನ್ನೂ ಒಂದೇ ವರ್ಷ ತಂದಿದ್ದೆ. ಮೊದಲ ಮೂರು ದಿನ ಲೇಸರ್‌ನದೇ ಮೇಲುಗೈ. ನಾನು ಕುರ್ಚಿಯಿಂದ ಏಳಬೇಕಿಲ್ಲ, ಗುಂಡ ಗೋಡೆಯಿಂದ ಗೋಡೆಗೆ ಓಡುತ್ತಿದ್ದ. ನಾಲ್ಕನೇ ರಾತ್ರಿ ಲೈಟು ಆರಿಸಿ ಡ್ರಾಯರಿನಲ್ಲಿಟ್ಟ ಮೇಲೂ ಅವನು ಅದೇ ಗೋಡೆಯ ಬುಡದಲ್ಲಿ ಕೂತಿದ್ದ. ಒಂದು ಗಂಟೆ ಕಳೆದು ಬಂದು ನೋಡಿದರೂ ಅಲ್ಲೇ. ಮಾರನೆಯ ದಿನ ನನ್ನ ಕೈಗಡಿಯಾರದ ಗಾಜಿನ ಬೆಳಕು ಗೋಡೆಗೆ ಬಿದ್ದರೂ ಬೆಚ್ಚಿ ಎದ್ದು ಕೂಗತೊಡಗಿದ. ಬೆಕ್ಕಿನ ಬೇಟೆಗೊಂದು ಕ್ರಮವಿದೆ: ಹೊಂಚುವುದು, ಹಾರುವುದು, ಹಿಡಿಯುವುದು, ಕಚ್ಚುವುದು. ಬೆಳಕಿನ ಚುಕ್ಕೆ ಆ ಕೊನೆಯ ಎರಡನ್ನು ಯಾವತ್ತೂ ಕೊಡುವುದಿಲ್ಲ. ಬೆಕ್ಕು ಸಾಕಿದವರನ್ನು ಕೇಳಿ ಮಾಡಿದ, 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಕೂಡ ಲೇಸರ್ ಆಟ ಹೆಚ್ಚಾದ ಕಡೆ ಬೆಳಕು, ನೆರಳುಗಳ ಹಿಂದೆ ಬೀಳುವಂಥ ಗೀಳು ಹೆಚ್ಚು ವರದಿಯಾಗಿದ್ದನ್ನು ಹೇಳುತ್ತದೆ. ನಮ್ಮನೆಯ ಲೇಸರ್ ಆ ವಾರವೇ ಹೊರಗೆ ಹೋಯಿತು.

ಗರಿಯ ಕೋಲು ಐದು ವರ್ಷಕ್ಕೂ ನಿಂತಿದೆ, ಗರಿ ಮಾತ್ರ ನಾಲ್ಕು ಸಲ ಬದಲಾಗಿದೆ. ಆಡಿಸುವುದರಲ್ಲೇ ಇದೆ ಗುಟ್ಟು. ಗರಿಯನ್ನು ಬೆಕ್ಕಿನ ಮುಖಕ್ಕೆ ತಾಗಿಸುತ್ತ ಕೂತರೆ ಯಾವ ಬೆಕ್ಕೂ ಆಡುವುದಿಲ್ಲ. ಇಲಿ ತಾನಾಗಿ ಬೆಕ್ಕಿನ ಬಾಯಿಗೆ ಬರುತ್ತದೆಯೇ? ದೂರಕ್ಕೆ ಎಳೆಯಬೇಕು, ಕುರ್ಚಿಯ ಕಾಲಿನ ಹಿಂದೆ ಮರೆಯಾಗಬೇಕು, ನಿಲ್ಲಬೇಕು, ಮತ್ತೆ ಒಂದಿಷ್ಟು ಅಲುಗಬೇಕು. ಮೂಗಿನಿಂದ ಒಂದಡಿಯೊಳಗಿನದು ಬೆಕ್ಕಿಗೆ ಮಸುಕು, ಅಲ್ಲಿ ಅದು ನಂಬುವುದು ಮೀಸೆಯನ್ನು. ಚುಕ್ಕಿಗೆ ನಾನು ಗರಿಯನ್ನು ಹಳೆಯ ಪೇಪರಿನ ಅಡಿಯಲ್ಲಿ ಸರಸರ ಎನಿಸುತ್ತೇನೆ. ಮೊದಲು ಕಿವಿ ತಿರುಗುತ್ತದೆ. ಆಮೇಲೆ ಕಣ್ಣಿನ ಪಾಪೆ ಅಗಲವಾಗಿ ಹಸಿರೆಲ್ಲ ಕಪ್ಪಾಗುತ್ತದೆ. ಮಲಗಿದಲ್ಲಿಂದಲೇ ಹಿಂಭಾಗ ಎರಡು ಸಲ ಅಲುಗಿಸಿ, ಪಟ್ಟನೆ ಪಂಜ ಹಾಕುತ್ತಾಳೆ. ಹನ್ನೆರಡು ವರ್ಷದ ಬೆಕ್ಕಿನಲ್ಲಿ ಅದನ್ನು ನೋಡುವಾಗ ಆಗುವ ಸಂತೋಷ ಅಷ್ಟಿಷ್ಟಲ್ಲ. ದಿನಕ್ಕೆ ಎರಡು ಹೊತ್ತು, ಹತ್ತು ಹತ್ತು ನಿಮಿಷ, ಕೊನೆಗೆ ಹಿಡಿಯಲು ಬಿಟ್ಟು, ಕೂಡಲೇ ಊಟ. ತಿಂದು, ಮೈ ನೆಕ್ಕಿಕೊಂಡು, ಇಬ್ಬರೂ ನಿದ್ದೆಗೆ ಜಾರುತ್ತಾರೆ.

ಬಣ್ಣದ ಬಗ್ಗೆ ಒಂದು ಮಾತು. ಕ್ರಿಸ್‌ಮಸ್ ಹೊತ್ತಿಗೆ ಸಿಗುವ ಆಟಿಕೆಗಳೆಲ್ಲ ಕೆಂಪೋ ಕೆಂಪು. ಬೆಕ್ಕಿಗೆ ನೀಲಿ, ಹಳದಿ ಕಂಡಂತೆ ಕೆಂಪು ಕಾಣದು, ಅದೊಂದು ಮಂಕು ಛಾಯೆ ಅಷ್ಟೇ. ಕೆಂಪು ನಮ್ಮ ಕಣ್ಣಿಗೆ ಹಬ್ಬ; ಬೆಕ್ಕಿಗಾದರೆ ಚಲನೆ ಮತ್ತು ಸದ್ದು ನೋಡಿ ಕೊಳ್ಳಿ.

ಎರಡನೆಯದು ಕ್ಯಾಟ್‌ನಿಪ್ ಮತ್ತು ಸಿಲ್ವರ್ ವೈನ್, ವಾಸನೆಯಿಂದಲೇ ಬೆಕ್ಕಿಗೆ ಅಮಲೇರಿಸುವ ಎರಡು ಗಿಡಗಳು. ಇದರಲ್ಲಿ ನನ್ನ ಲೆಕ್ಕ ತಲೆಕೆಳಗಾಯಿತು. ಮೊದಲ ವರ್ಷ ಕ್ಯಾಟ್‌ನಿಪ್ ತುಂಬಿದ ಬಟ್ಟೆ ಮೀನು ತಂದೆ. ಚುಕ್ಕಿ ಮೂಸಿ ನಡೆದಳು. ಗುಂಡ ಆಗ ನಾಲ್ಕು ತಿಂಗಳ ಮರಿ, ಅವನೂ ಕ್ಯಾರೇ ಅನ್ನಲಿಲ್ಲ. ದುಡ್ಡು ದಂಡ ಅಂದುಕೊಂಡು ಪೆಟ್ಟಿಗೆಗೆ ಹಾಕಿದೆ. ಮುಂದಿನ ಡಿಸೆಂಬರಿನಲ್ಲಿ ಅಲಂಕಾರದ ಸಾಮಾನು ತೆಗೆಯುವಾಗ ಅದೇ ಮೀನು ಸಿಕ್ಕಿತು. ಗುಂಡ ಅದನ್ನು ಎರಡೂ ಮುಂಗಾಲಿನಲ್ಲಿ ತಬ್ಬಿ, ಕೆನ್ನೆ ಉಜ್ಜಿ, ನೆಲದ ಮೇಲೆ ಹೊರಳಾಡಿಬಿಟ್ಟ. ಮರಿಗಳಲ್ಲಿ ಈ ಸ್ಪಂದನೆ ಸಾಮಾನ್ಯವಾಗಿ ಆರು ತಿಂಗಳ ಆಸುಪಾಸಿನವರೆಗೆ ಬರುವುದಿಲ್ಲ. ಚುಕ್ಕಿಯ ಕಾರಣ ಬೇರೆ: ಕ್ಯಾಟ್‌ನಿಪ್‌ಗೆ ಸ್ಪಂದಿಸುವ ಗುಣ ವಂಶದಿಂದ ಬರುವಂಥದ್ದು, ಮೂರರಲ್ಲಿ ಒಂದು ಬೆಕ್ಕಿಗೆ ಅದು ಬರೀ ಒಣಸೊಪ್ಪು.

ಅವಳಿಗಾಗಿ ತಂದದ್ದು ಸಿಲ್ವರ್ ವೈನ್ ಕಡ್ಡಿ. ಪೂರ್ವ ಏಷ್ಯಾದ ಬೆಟ್ಟಗಳ ಬಳ್ಳಿ, ಜಪಾನಿನಲ್ಲಿ ಮಟಟಾಬಿ ಎನ್ನುತ್ತಾರೆ. 2017ರಲ್ಲಿ ನೂರು ಸಾಕುಬೆಕ್ಕುಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಸುಮಾರು 80 ಇದಕ್ಕೆ ಸ್ಪಂದಿಸಿದವು. ಕ್ಯಾಟ್‌ನಿಪ್ ಹಿಡಿಸದ ಬೆಕ್ಕುಗಳಲ್ಲಿಯೂ ಮುಕ್ಕಾಲು ಪಾಲಿಗೆ ಇದು ಹಿಡಿಸಿತ್ತು. ಚುಕ್ಕಿ ಆ ಮುಕ್ಕಾಲು ಪಾಲಿನವಳು. ಕಡ್ಡಿಗೆ ಗಲ್ಲ ಉಜ್ಜಿ ಉಜ್ಜಿ ಜೊಲ್ಲು ಸುರಿಸಿದಳು, ತಲೆ ನೆಲಕ್ಕಿಟ್ಟು ಪಲ್ಟಿ ಹೊಡೆದಳು. ಸುಮಾರು ಹತ್ತು ನಿಮಿಷ, ಆಮೇಲೆ ಶಾಂತ. ಜಪಾನಿನ ಸಂಶೋಧಕರು 2021ರಲ್ಲಿ ತೋರಿಸಿದ ಸಂಗತಿ ನನಗೆ ಬಹಳ ಇಷ್ಟ: ಹೀಗೆ ಎಲೆಗೆ ಮೈ ಉಜ್ಜಿಕೊಂಡ ಬೆಕ್ಕುಗಳ ಮೇಲೆ ಸೊಳ್ಳೆ ಕೂರುವುದು ಕಡಿಮೆ. ಎರಡರಲ್ಲಿ ಒಂದೇ ಕೊಳ್ಳುವುದಾದರೆ ಸಿಲ್ವರ್ ವೈನ್ ಎನ್ನುತ್ತೇನೆ. ಯಾವುದೇ ಇರಲಿ, ವಾರಕ್ಕೊಂದೆರಡು ಸಲ ಸಾಕು, ಉಳಿದ ದಿನ ಮುಚ್ಚಳದ ಡಬ್ಬಿಯಲ್ಲಿರಲಿ. ಕಡ್ಡಿಯನ್ನು ಜಗಿದು ಸಿಬಿರು ಎಬ್ಬಿಸಿದರೆ ಎಸೆದುಬಿಡಿ.

ಮೆತ್ತೆಯ ಹಾಸಿಗೆಗೂ ಅದು ಬಂದ ರಟ್ಟಿನ ಡಬ್ಬಕ್ಕೂ ನಡೆದ ಸ್ಪರ್ಧೆಯಲ್ಲಿ ಡಬ್ಬ ಗೆದ್ದಿತು. ಬೆಕ್ಕು ಸಾಕಿದವರಿಗೆ ಇದು ಹೊಸದಲ್ಲ, ಆದರೆ ಕಾರಣ ಗೊತ್ತಿದ್ದರೆ ಹಾಸಿಗೆಯನ್ನೂ ಗೆಲ್ಲಿಸಬಹುದು. ಬೆಕ್ಕಿನ ಮೈಗೆ ಹಿತವೆನಿಸುವ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ನಮಗೆ ಸೆಕೆಯೆನಿಸುವಲ್ಲಿ ಶುರುವಾಗುತ್ತದೆ. ರಟ್ಟು ಶಾಖ ಹಿಡಿದಿಡುತ್ತದೆ, ಮೂರು ಕಡೆ ಗೋಡೆ, ಬೆನ್ನಿಗೆ ಭಯವಿಲ್ಲ. 2014ರಲ್ಲಿ ನೆದರ್‌ಲೆಂಡ್ಸ್‌ನ ಬೆಕ್ಕು ಆಶ್ರಯಧಾಮವೊಂದರಲ್ಲಿ ಹೊಸದಾಗಿ ಬಂದ ಬೆಕ್ಕುಗಳಿಗೆ ಅಡಗಲು ಡಬ್ಬ ಕೊಟ್ಟಾಗ ಅವು ಬೇಗ ಒತ್ತಡದಿಂದ ಹೊರಬಂದವು. ನಾನು ಹಾಸಿಗೆಯನ್ನೇ ಡಬ್ಬದೊಳಗಿಟ್ಟೆ, ಮೇಲೆ ಒಗೆಯದ ನನ್ನ ಹಳೆ ಸ್ವೆಟರ್ ಹಾಸಿದೆ. ಅಂದಿನಿಂದ ಚುಕ್ಕಿಯ ಮಧ್ಯಾಹ್ನಗಳೆಲ್ಲ ಅಲ್ಲೇ. ಡಬ್ಬದ ಒಂದು ಬದಿಯನ್ನು ತಗ್ಗಾಗಿ ಕತ್ತರಿಸಿದ್ದೇನೆ, ಅವಳು ಕಾಲೆತ್ತಿ ಒದ್ದಾಡಬಾರದಲ್ಲ.

ಉಗುರು ಕೆರೆಯುವ ಕಂಬದಲ್ಲಿ ಅಗ್ಗದ ಗಿಡ್ಡ ಕಂಬ ಕೊಳ್ಳಲೇಬೇಡಿ. ಗುಂಡ ಒಮ್ಮೆ ಮೈ ನೀಡಿ ಎಳೆದ, ಕಂಬ ಮೈಮೇಲೆ ಬಿತ್ತು, ಮತ್ತೆ ಅದರತ್ತ ತಲೆಹಾಕಲಿಲ್ಲ. ಹಿಂಗಾಲ ಮೇಲೆ ನಿಂತು ಪೂರ್ತಿ ಚಾಚಿದರೂ ಮಿಗುವಷ್ಟು ಎತ್ತರ, ಅಂದರೆ ಸುಮಾರು 90 ಸೆಂಟಿಮೀಟರ್, ಅಗಲವಾದ ಭಾರದ ಬುಡ, ಕತ್ತಾಳೆ ನಾರಿನ ಹಗ್ಗ: ಅಂಥದ್ದಕ್ಕೆ ಅವನು ದಿನಾ ಬೆಳಿಗ್ಗೆ ಎದ್ದವನೇ ಹಾಜರು. ಮೂಲೆಯಲ್ಲಿಡದೆ ಸೋಫಾದ ಪಕ್ಕದಲ್ಲೇ ಇಟ್ಟದ್ದರಿಂದ ಸೋಫಾ ಉಳಿಯಿತು. ಚುಕ್ಕಿಗೆ ಮೈ ಮೇಲಕ್ಕೆತ್ತುವುದು ಕಷ್ಟ, ಅವಳಿಗೆ ನೆಲಕ್ಕೆ ಹಾಸುವ ರಟ್ಟಿನ ಹಲಗೆ.

ಒಳಗೆ ಅಡಗಿಸಿಟ್ಟ ತಿಂಡಿಯನ್ನು ಹುಡುಕಿ ತಿನ್ನುವ ಆಟಿಕೆ ಗುಂಡನಿಗೆ ಪರವಾಗಿಲ್ಲ, ಚುಕ್ಕಿ ತಟ್ಟೆಯ ಊಟವನ್ನೇ ಬಯಸುತ್ತಾಳೆ. ಹೆಚ್ಚಿನ ಬೆಕ್ಕುಗಳು ಅವಳಂತೆಯೇ. ಸಾಂತಾ ಟೋಪಿ, ಅಂಗಿ ಬೇಡ. ಕಿವಿ ಮುಚ್ಚಿದ ಬೆಕ್ಕಿನ ಮುಖ ಒಮ್ಮೆ ನೋಡಿದರೆ ಸಾಕು. ಸಿಹಿ ತಿಂಡಿಯಂತೂ ವ್ಯರ್ಥ, ಸಿಹಿಯ ರುಚಿ ಗುರುತಿಸುವ ಜೀನ್ ಬೆಕ್ಕುಗಳಲ್ಲಿ ಕೆಲಸವನ್ನೇ ಮಾಡುವುದಿಲ್ಲ. ಚಾಕೊಲೇಟ್ ವಿಷ.

ಉಡುಗೊರೆಗಿಂತ ಅದನ್ನು ಕಟ್ಟಿದ ರಿಬ್ಬನ್ನಿನ ಬಗ್ಗೆ ನನಗೆ ಹೆದರಿಕೆ. ಮೂರನೇ ಕ್ರಿಸ್‌ಮಸ್‌ನ ಮರುದಿನ ಗುಂಡ ಅನ್ನ ಬಿಟ್ಟ, ಎರಡು ಸಲ ವಾಂತಿ ಮಾಡಿದ. ಬಾಲದಡಿ ಹೊಳೆಯುವ ಎಳೆಯೊಂದು ಬೆರಳುದ್ದ ಇಣುಕುತ್ತಿತ್ತು. ತಂಗಿ ಎಳೆಯಲು ಕೈ ಚಾಚಿದಳು, ನಾನು ತಡೆದೆ. ಒಳಗೆ ಸಿಕ್ಕಿಕೊಂಡ ದಾರವನ್ನು ಎಳೆದರೆ ಕರುಳನ್ನೇ ಕೊಯ್ಯುತ್ತದೆ. ಬೆಕ್ಕಿನ ನಾಲಿಗೆಯ ಮುಳ್ಳುಗಳು ಹಿಂದಕ್ಕೆ ಬಾಗಿವೆ, ಬಾಯಿಗೆ ಹೋದ ದಾರ ಉಗುಳುವುದು ಕಷ್ಟ, ಒಳಕ್ಕೇ ಸರಿಯುತ್ತದೆ. ವೈದ್ಯರು ಹೊಟ್ಟೆ ಕೊಯ್ದು ತೆಗೆದ ರಿಬ್ಬನ್ ನನ್ನ ಮೊಳಕ್ಕಿಂತ ಉದ್ದವಿತ್ತು. ಅವನು ಕಣ್ಣು ಬಿಡುವವರೆಗೆ ನಾನು ಆ ಬೆಂಚಿನಿಂದ ಏಳಲಿಲ್ಲ. ಅಂದಿನಿಂದ ಮರಕ್ಕೆ ಮಿರುಗುವ ಎಳೆ ಹಾಕುವುದಿಲ್ಲ, ಉಡುಗೊರೆಗೆ ಬರೀ ಕಾಗದ, ಗರಿಯ ಕೋಲು ಆಟ ಮುಗಿದೊಡನೆ ಬೀರುವಿಗೆ. ಹೂಗುಚ್ಛದಲ್ಲಿ ಲಿಲ್ಲಿ ಇದ್ದರೆ ಮನೆಯೊಳಗೇ ತರುವುದಿಲ್ಲ. ಅದರ ಪರಾಗ ಮೈಗಂಟಿ ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡ ಕೈಕೊಡುತ್ತದೆ.

ಈ ಸಲದ ಕ್ರಿಸ್‌ಮಸ್‌ಗೆ ಕೊಂಡದ್ದು ಮೂರೇ: ಕೋಲಿಗೆ ಹೊಸ ನೀಲಿ ಗರಿ, ಚುಕ್ಕಿಗೆ ಒಂದು ಕಟ್ಟು ಸಿಲ್ವರ್ ವೈನ್ ಕಡ್ಡಿ, ಅವಳದೇ ಇನ್ನೊಂದು ರಟ್ಟಿನ ಹಲಗೆ. ಹಲಗೆ ಬಂದ ಡಬ್ಬ ಬಾಗಿಲ ಹತ್ತಿರವೇ ಇದೆ. ಗುಂಡ ನಿನ್ನೆಯಿಂದ ಅದರೊಳಗೆ ಮಲಗಿದ್ದಾನೆ.