ವೈಟಿಂಗ್ 100 ಪ್ಯಾಕ್: ವೈಸ್‌ಗಿಂತ ಮೊದಲು ಗರಿಗೆ ದುಡ್ಡು ಹಾಕಿ

ಮೀನು ಹಿಡಿಯೋಕೆ ಗಾಳಕ್ಕೆ ಗರಿ, ದಾರ ಸುತ್ತಿ ಮಾಡುವ, ನೀರಿನ ಮೇಲೆ ತೇಲುವ ನಕಲಿ ಹುಳವೇ ಡ್ರೈ ಫ್ಲೈ. ಅದನ್ನ ಕಟ್ಟೋದನ್ನ ಹೊಸದಾಗಿ ಶುರು ಮಾಡಿದವರು ಮೊದಲು ಕೇಳುವುದು ಯಾವ ವೈಸ್ (ಕಟ್ಟುವಾಗ ಗಾಳ ಹಿಡಿದಿಡುವ ಸಾಧನ) ತಗೊಳ್ಳಲಿ ಅಂತ. ಗಾಳ ಅಲುಗಾಡದಂತೆ ಹಿಡಿದರೆ ಯಾವ ವೈಸ್ ಆದರೂ ನಡೆಯುತ್ತದೆ. ದುಡ್ಡು ಹೋಗಬೇಕಾದ್ದು ಹುಂಜದ ಗರಿಗೆ. ನಾನು ಹೇಳುತ್ತಿರುವುದು ಅಮೆರಿಕದ ವೈಟಿಂಗ್ ಫಾರ್ಮ್ಸ್‌ನ 100 ಪ್ಯಾಕ್, ಗ್ರಿಝ್ಲಿ (ಕಪ್ಪು ಬಿಳಿ ಪಟ್ಟೆಯ) ಬಣ್ಣ, 16ನೇ ಸೈಜ್. ಸೈಜ್ ಅಂದರೆ ಗಾಳದ ನಂಬರ್, ನಂಬರ್ ಹೆಚ್ಚಿದಷ್ಟೂ ಗಾಳ ಚಿಕ್ಕದು.

ಪ್ಯಾಕೆಟ್ ಕೈಗೆ ಬಂದಾಗ ಇಷ್ಟೇನಾ ಅನ್ನಿಸುತ್ತದೆ. ತೆಳ್ಳಗಿನ ಒಂದಷ್ಟು ಗರಿ, ಬೆಲೆ 20 ಡಾಲರ್ ಮೇಲೆ. ಆದರೆ 100 ಅನ್ನುವುದು ಗರಿಯ ಲೆಕ್ಕ ಅಲ್ಲ, ಅದರಲ್ಲಿ ಸುಮಾರು ಅಷ್ಟು ಫ್ಲೈ ಕಟ್ಟಬಹುದು ಅಂತ. ಒಂದೊಂದು ಗರಿಯೂ ಚೆನ್ನಾಗಿ ಉದ್ದ, ಬುಡದಿಂದ ತುದಿಯವರೆಗೂ ಎಳೆಗಳು ಹೆಚ್ಚುಕಡಿಮೆ ಒಂದೇ ಅಳತೆ. ಒಂದೇ ಗರಿಯಲ್ಲಿ ಐದಾರು ಫ್ಲೈ ಆರಾಮಾಗಿ ಆಗುತ್ತವೆ.

ಪ್ಯಾರಾಶೂಟ್ ಆಡಮ್ಸ್ ಅನ್ನುವ ಡ್ರೈ ಫ್ಲೈ ಕಟ್ಟಿ ನೋಡಿ, ಗೊತ್ತಾಗುತ್ತದೆ. ಬುಡದ ಎಳೆಗಳನ್ನು ಸ್ವಲ್ಪ ಕಿತ್ತು, ಬರೀ ಕಡ್ಡಿಯನ್ನು ಗಾಳದ ಮೇಲೆ ನೆಟ್ಟಗೆ ನಿಲ್ಲಿಸಿದ ಬಿಳಿ ಪೋಸ್ಟ್‌ಗೆ ದಾರದಿಂದ ಬಿಗಿದು, ಮೇಲಿಂದ ಕೆಳಕ್ಕೆ ಒಂದರ ಕೆಳಗೊಂದು ಸುತ್ತು ಹಾಕುತ್ತಾ ಬಂದರೆ ಎಳೆಗಳು ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಸುತ್ತಲೂ ಹರಡಿಕೊಳ್ಳುತ್ತವೆ. ಗರಿ ಮುರಿಯಲ್ಲ, ತಿರುಚಿಕೊಳ್ಳಲ್ಲ. ಆನ್‌ಲೈನ್‌ನಲ್ಲಿ ಸಿಗುವ ಹೆಸರಿಲ್ಲದ ಅಗ್ಗದ ಗರಿಗಳಲ್ಲಿ ಮಧ್ಯದ ಕಡ್ಡಿ ದಪ್ಪ, ಬುಡದ ಕಡೆ ಮೆತ್ತನೆಯ ತುಪ್ಪಟ ಜಾಸ್ತಿ. ಆ ತುಪ್ಪಟ ನೀರು ಕುಡಿಯುತ್ತದೆ, ನಾಲ್ಕು ಸಲ ಎಸೆಯುವಷ್ಟರಲ್ಲಿ ಫ್ಲೈ ಮುಳುಗುತ್ತದೆ. ತೇಲದಿದ್ದರೆ ಅದು ಡ್ರೈ ಫ್ಲೈ ಹೇಗಾಗುತ್ತದೆ, ಅಲ್ವಾ?

ಒಂದು ಕಾಲದಲ್ಲಿ ಅಮೆರಿಕದವರು ಇದಕ್ಕೆ ಹೆಚ್ಚಾಗಿ ಬಳಸುತ್ತಿದ್ದದ್ದು ನಮ್ಮ ದೇಶದಿಂದ ಹೋದ ಹುಂಜದ ಕತ್ತಿನ ಗರಿ, ಇಂಡಿಯನ್ ನೆಕ್ ಅಂತಲೇ ಹೆಸರು. ಆಮೇಲೆ ಹೆನ್ರಿ ಹಾಫ್‌ಮನ್ ಗರಿಗಾಗಿಯೇ ಕೋಳಿ ತಳಿ ಬೆಳೆಸಿದರು. 1989ರಲ್ಲಿ ಟಾಮ್ ವೈಟಿಂಗ್ ಆ ತಳಿಯನ್ನು ಕೊಂಡು ಕೊಲೊರಾಡೊದ ಡೆಲ್ಟಾದಲ್ಲಿ ಮುಂದುವರಿಸಿದರು. 2011ರಲ್ಲಿ ಹೆಣ್ಣುಮಕ್ಕಳು ಇದೇ ಗರಿಗಳನ್ನು ಕೂದಲಿಗೆ ಸಿಕ್ಕಿಸಿಕೊಳ್ಳುವ ಫ್ಯಾಷನ್ ಬಂದು, ಸಲೂನ್‌ಗಳು ಇದ್ದದ್ದನ್ನೆಲ್ಲ ಬಾಚಿಕೊಂಡು, ಮೀನು ಹಿಡಿಯುವವರಿಗೆ ಗ್ರಿಝ್ಲಿ ಸಿಗುವುದೇ ಕಷ್ಟ ಆಗಿತ್ತು!

ಕೊರತೆ ಇಲ್ಲ ಅಂತಲ್ಲ. ಒಂದು ಪ್ಯಾಕ್‌ನಲ್ಲಿ ಒಂದೇ ಸೈಜ್. ಬೇಸಿಗೆಯಲ್ಲಿ ಬೆಟ್ಟದ ಸಣ್ಣ ತೊರೆಗಳಿಗೆ 16 ಸರಿಯಾಗಿದೆ, ಅಲ್ಲಿನ ಟ್ರೌಟ್‌ಗೆ ಯೋಚಿಸೋಕೆ ಪುರುಸೊತ್ತಿಲ್ಲ, ಕಂಡದ್ದಕ್ಕೆ ಬಾಯಿ ಹಾಕುತ್ತವೆ. ಕೊಲೊರಾಡೊದ ಸೌತ್ ಪ್ಲಾಟ್ ನದಿಯ ಚೀಸ್‌ಮನ್ ಕ್ಯಾನ್ಯನ್‌ನಂಥ ಕಡೆ ಕಥೆ ಬೇರೆ. ಅಲ್ಲಿನ ಮೀನು ಮಹಾ ಚಾಲಾಕಿ, ಹುಳಗಳೂ ಚಿಕ್ಕವು, 20, 22 ಬೇಕಾಗುತ್ತದೆ. ಅಷ್ಟು ಸಣ್ಣದಕ್ಕೆ ಪೂರ್ತಿ ಕೇಪ್, ಅಂದರೆ ಗರಿಗಳ ಸಮೇತ ಹುಂಜದ ಕತ್ತಿನ ಚರ್ಮ, ಕೊಳ್ಳುವುದೇ ವಾಸಿ. ಅದರಲ್ಲಿ ಹಲವು ಸೈಜ್ ಇರುತ್ತವೆ, ಬೆಲೆಯೂ ಹಾಗೇ ಏರುತ್ತದೆ.

ಆದ್ದರಿಂದ ಮೊದಲು ಗ್ರಿಝ್ಲಿ 16, ನಂತರ ಅದೇ ಸೈಜ್‌ನ ಕಂದು. ಎರಡೂ ಸೇರಿಸಿ ಸುತ್ತಿದರೆ ಆಡಮ್ಸ್ ಬಣ್ಣ ಬರುತ್ತದೆ. 14 ಆಮೇಲೆ ನೋಡಿಕೊಳ್ಳಿ. ಜಿಪ್ ಕವರ್ ಮಾತ್ರ ಬಿಗಿಯಾಗಿ ಮುಚ್ಚಿಡಿ, ನುಸಿ ಹೊಕ್ಕರೆ ಬರೀ ಕಡ್ಡಿ ಉಳಿಯುತ್ತದೆ.