ಹಳೆಯ ಥಾರ್‌ಗೆ ದೊಡ್ಡ ಟೈರು: 245 ಸಾಕಿತ್ತು, 265 ಅತಿಯಾಯಿತು

ದಾವಣಗೆರೆಯಿಂದ ಚಳ್ಳಕೆರೆ ಕಡೆಯ ಹೊಲಕ್ಕೆ ವಾರಕ್ಕೆರಡು ಬಾರಿ ಹೋಗಿಬರುವ ನನ್ನ ಮಹೀಂದ್ರ ಥಾರ್ ಸಿಆರ್‌ಡಿಇ ಡೀಸೆಲ್ ಜೀಪಿಗೆ ಮೂರು ವರ್ಷಗಳಲ್ಲಿ ಎರಡು ಸೆಟ್ ದೊಡ್ಡ ಟೈರು ಹಾಕಿಸಿದ್ದೇನೆ. ಮೊದಲನೆಯದು 265/75 ಆರ್16 ಅಳತೆಯ (265 ಮಿ.ಮೀ. ಅಗಲ, ಅದರ ಶೇ. 75ರಷ್ಟು ಪಕ್ಕದ ಎತ್ತರ, 16 ಇಂಚಿನ ರಿಮ್) ಮಡ್ ಟೆರೇನ್, ಅಂದರೆ ಕೆಸರಿಗೆಂದೇ ಮಾಡಿದ ಟೈರು. ಅದನ್ನು ಮಾರಿ ಈಗ ಹಾಕಿಸಿರುವುದು 245/75 ಆರ್16 ಅಳತೆಯ ಆಲ್ ಟೆರೇನ್, ಅಂದರೆ ರಸ್ತೆಗೂ ಹೊಲಕ್ಕೂ ಆಗುವ ಟೈರು. ಎರಡನೆಯದನ್ನೇ ಮೊದಲು ಕೊಂಡಿದ್ದರೆ ಒಂದು ಸೆಟ್ಟಿನ ಹಣ ಉಳಿಯುತ್ತಿತ್ತು.

ಗಾಡಿಯೊಂದಿಗೆ ಬಂದ 235/70 ಟೈರಿನ ಎತ್ತರ ಸುಮಾರು 735 ಮಿ.ಮೀ. 245ರದು 774, 265ರದು 804. ಎತ್ತರ ಹೆಚ್ಚಿದ್ದರಲ್ಲಿ ಅರ್ಧದಷ್ಟೇ ಗಾಡಿ ನೆಲದಿಂದ ಮೇಲೇಳುವುದರಿಂದ, 245ಕ್ಕಿಂತ 265ರಲ್ಲಿ ನನಗೆ ಸಿಕ್ಕ ಲಾಭ ಬರೀ 15 ಮಿ.ಮೀ. ಅಷ್ಟಕ್ಕಾಗಿ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗಲೆಲ್ಲ ಟೈರು ಉಜ್ಜುವುದನ್ನೂ, ಎರಡನೇ ಗೇರಿನಲ್ಲಿ ಹತ್ತುತ್ತಿದ್ದ ದಿಬ್ಬಕ್ಕೆ ಒಂದನೇ ಗೇರು ಹಾಕುವುದನ್ನೂ, ಮೀಟರಿನ ಮುಳ್ಳು 80 ತೋರಿಸುವಾಗ ಗಾಡಿ 87ರಲ್ಲಿ ಓಡುವುದನ್ನೂ ಸಹಿಸಬೇಕಾಯಿತು. 245ರಲ್ಲಿ ಅದು 84.

ಇವೆಲ್ಲವನ್ನೂ ನುಂಗಿಕೊಂಡಿದ್ದ ನನಗೆ 265 ಸಾಕೆನಿಸಿದ್ದು ಸ್ಟೆಪ್ನಿಯಿಂದ. ದುಬಾರಿಯೆಂದು ನಾಲ್ಕೇ ಟೈರು ಕೊಂಡು, ಸ್ಟೆಪ್ನಿಯನ್ನು ಹಳೆಯ 235ರಲ್ಲೇ ಬಿಟ್ಟಿದ್ದೆ. ಒಂದು ಸಂಜೆ ಬದುವಿನ ಮೇಲೆ ಕಡಿದುಬಿಟ್ಟಿದ್ದ ಬಳ್ಳಾರಿ ಜಾಲಿಯ ಮೋಟು ಎಡಗಡೆಯ ಹಿಂದಿನ ಟೈರಿನ ಪಕ್ಕಕ್ಕೆ ಚುಚ್ಚಿತು. ನೆಲಕ್ಕೆ ತಾಗುವ ಭಾಗಕ್ಕೆ ಚುಚ್ಚಿದ್ದರೆ ತೂತಿಗೆ ರಬ್ಬರ್ ಸ್ಟ್ರಿಪ್ ತುರುಕಿಕೊಂಡು ಬರಬಹುದಿತ್ತು. ಪಕ್ಕ ಹರಿದರೆ ಆ ಉಪಾಯವಿಲ್ಲ. ಸ್ಟೆಪ್ನಿ ಹಾಕಿ ಜ್ಯಾಕ್ ಇಳಿಸಿದಾಗ ಗಾಡಿ ಕಾಲು ಉಳುಕಿದ ಎತ್ತಿನಂತೆ ಎಡಕ್ಕೆ ವಾಲಿ ನಿಂತಿತು.

ವಾಲಿದ್ದು ಕಣ್ಣಿಗೆ ಕಾಣುವ ತೊಂದರೆಯಷ್ಟೇ. ಬಲಗಡೆಯ ದೊಡ್ಡ ಚಕ್ರ 11 ಸುತ್ತು ಸುತ್ತುವಷ್ಟರಲ್ಲಿ ಎಡಗಡೆಯದು 12 ಸುತ್ತಬೇಕಾದ್ದರಿಂದ, ಎರಡು ಬದಿಯ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ, ತಿರುವಿನಲ್ಲಿ ಮಾತ್ರ ದುಡಿಯಬೇಕಾದ ಡಿಫರೆನ್ಶಿಯಲ್ ನೇರ ರಸ್ತೆಯಲ್ಲೂ ಬಿಡುವಿಲ್ಲದೆ ದುಡಿಯುತ್ತದೆ. ಚಿತ್ರದುರ್ಗದಲ್ಲಿ ಗಾಳಿ ನೋಡಿಸಲು ನಿಲ್ಲಿಸಿದಾಗ ಪಂಕ್ಚರ್ ಅಂಗಡಿಯ ಹುಡುಗ, "ಅಣ್ಣಾ, ಟಾರ್ ರೋಡಲ್ಲಿ ಮಾತ್ರ ಫೋರ್ ಬೈ ಫೋರ್ ಹಾಕ್ಬೇಡಿ" ಎಂದ. ಅವನು ಹೇಳಿದ್ದು ಸರಿ. ನಾಲ್ಕೂ ಚಕ್ರಕ್ಕೆ ಬಲ ಕೊಡುವ ಫೋರ್ ಬೈ ಫೋರ್ ಹಾಕಿ ಮುಂದಿನ, ಹಿಂದಿನ ಆಕ್ಸಲ್‌ಗಳು ಬೆಸೆದುಕೊಂಡಾಗ ಈ ವ್ಯತ್ಯಾಸಕ್ಕೆ ದಾರಿಯಿರುವುದಿಲ್ಲ, ಒಣ ರಸ್ತೆಯಲ್ಲಿ ಆ ಬಿಗಿತವೆಲ್ಲ ಹಲ್ಲುಚಕ್ರಗಳ ಮೇಲೆ ಬೀಳುತ್ತದೆ. ಅಲ್ಲಿಂದ ದಾವಣಗೆರೆಯವರೆಗಿನ ಸುಮಾರು 60 ಕಿ.ಮೀ. ಹೆದ್ದಾರಿಯನ್ನು ಲಾರಿಗಳ ಹಾರ್ನ್ ಕೇಳುತ್ತ 40ರಲ್ಲೇ ಕಳೆದೆ.

265ರ ನಾಲ್ಕು ಟೈರಿಗೆ ಕೊಟ್ಟಿದ್ದ ಹಣದಲ್ಲಿ 245ರ ಐದು ಬಂದವು.

ಎರೆ ಮಣ್ಣಿನಲ್ಲಿ ಮಡ್ ಟೆರೇನ್ ಮೇಲು ಎಂಬುದನ್ನು ಒಪ್ಪಲೇಬೇಕು. ಅದರ ಅಗಲವಾದ ಸೀಳುಗಳು ಕೆಸರನ್ನು ಎಸೆದುಬಿಡುತ್ತವೆ. ಆಲ್ ಟೆರೇನಿನಲ್ಲಿ ನಾಲ್ಕು ಮಾರು ಹೋಗುವಷ್ಟರಲ್ಲಿ ಸೀಳುಗಳು ತುಂಬಿ ಟೈರು ನುಣ್ಣಗಾಗುತ್ತದೆ, ಇಳಿದು ಕುಡುಗೋಲಿನ ತುದಿಯಿಂದ ಕೆರೆಯಬೇಕು. ಹೆದ್ದಾರಿಯಲ್ಲಿ ಮಡ್ ಟೆರೇನಿನ ಸದ್ದು ಹಿಟ್ಟಿನ ಗಿರಣಿಯೊಳಗೆ ಕೂತಂತೆ. ಮಳೆಯಲ್ಲಿ ಬ್ರೇಕ್ ಒತ್ತಿದರೆ ನಿಲ್ಲುವುದೂ ತಡ.

ಮಳೆಗಾಲವಿಡೀ ಹೊಲದಲ್ಲೇ ಗಾಡಿ ಓಡಿಸುವವರು 265 ಕೊಳ್ಳಲಿ, ಆದರೆ ಐದು ಕೊಳ್ಳಲಿ. ನನ್ನ ಓಟದಲ್ಲಿ ಮುಕ್ಕಾಲು ಪಾಲು ಡಾಂಬರು. ಹದ ಮೀರಿ ಮಳೆಯಾದ ದಿನ ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿ ಹೊಲಕ್ಕೆ ನಡೆದೇ ಹೋಗುತ್ತೇನೆ.