ಮೇಟಗಳ್ಳಿಯ ನಮ್ಮ ಹಳೇ ಪ್ಲೇಟಿಂಗ್ ಶೆಡ್ ಶುಚಿ ಮಾಡಿಸಿದ ಅನುಭವ (5ಕ್ಕೆ 4)

ಮೈಸೂರಿನ ಮೇಟಗಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಅಪ್ಪ 22 ವರ್ಷ ಕ್ರೋಮ್ ಪ್ಲೇಟಿಂಗ್ (ಲೋಹದ ಸಾಮಾನಿಗೆ ಕ್ರೋಮಿಯಂ ಲೇಪ ಹಾಕುವ) ಶೆಡ್ ನಡೆಸಿದರು. ಮುಚ್ಚಿ ಎಂಟು ವರ್ಷ ಆಯ್ತು. ಹೋದ ವರ್ಷ ಬಾಡಿಗೆಗೆ ಕೇಳಲು ಬಂದವರೊಬ್ಬರು ನೆಲದ ಹಳದಿ ಕಲೆ ನೋಡಿ, ‘ಮಣ್ಣು ಟೆಸ್ಟ್ ಮಾಡಿಸಿದ್ದೀರಾ ಸರ್?’ ಅಂದರು. ಆ ರಾತ್ರಿ ನಿದ್ದೆ ಬರಲಿಲ್ಲ.

ಮೊದಲು ಕರೆಸಿದ ಕಂಟ್ರಾಕ್ಟರ್ ಹತ್ತು ನಿಮಿಷ ಸುತ್ತಾಡಿ, ಇಡೀ ಕಾಲು ಎಕರೆ ಎರಡು ಅಡಿ ಕೆರೆದು ಹೊಸ ಕೆಮ್ಮಣ್ಣು ಹಾಕಿಕೊಡ್ತೀನಿ, 14 ಲಕ್ಷ ಆಗುತ್ತೆ ಅಂದರು. ಕೆರೆದ ಮಣ್ಣು ಎಲ್ಲಿಗೆ ಹೋಗುತ್ತೆ ಅಂತ ಕೇಳಿದರೆ, ‘ಅದನ್ನ ನಮಗೆ ಬಿಡಿ ಸರ್.’ ಅಂದರೆ ರಾತ್ರೋರಾತ್ರಿ ಯಾವುದೋ ಕೆರೆ ಅಂಗಳಕ್ಕೆ, ಅಲ್ವಾ? ಅವರನ್ನು ಅಲ್ಲೇ ಕಳಿಸಿಬಿಟ್ಟೆ.

ಎರಡನೇ ತಂಡದ ಬಗ್ಗೆಯೇ ಈ ರಿವ್ಯೂ. ಮೈಸೂರಿನವರೇ, ನಾಲ್ಕೇ ಜನ. ಅವರ ಮೇಲೆ ಒಂದೆರಡು ದೂರೂ ಬರೆಯುತ್ತಿರುವುದರಿಂದ ಹೆಸರು ಹಾಕುತ್ತಿಲ್ಲ.

ಬಂದ ಮೇಡಂ ಮೊದಲು ಶೆಡ್ ಒಳಗೇ ಬರಲಿಲ್ಲ. ಸುತ್ತಮುತ್ತ ಬೋರ್‌ವೆಲ್ ಯಾರದ್ದಿದೆ, ಆ ನೀರು ಯಾರು ಕುಡಿಯುತ್ತಾರೆ ಅಂತ ಕೇಳಿಕೊಂಡು ಹೊರಟರು. ನನಗೆ ಮೂಲೆಯಲ್ಲಿ ತುಕ್ಕು ಹಿಡಿದು ನಿಂತಿದ್ದ ಹನ್ನೊಂದು ಡ್ರಮ್‌ಗಳದ್ದೇ ಚಿಂತೆ, ಅದನ್ನು ಹೇಳಿದೆ. ‘ಅವು ಸೋರುತ್ತಿಲ್ಲ, ಸೂರಿನ ಕೆಳಗಿವೆ, ಕಾಯಬಹುದು. ವಿಷ ಎಲ್ಲಿದೆ ಅನ್ನೋದಷ್ಟೇ ಅಲ್ಲ ಸರ್, ಯಾವ ದಾರಿಯಲ್ಲಿ ಹೋಗಿ ಯಾರಿಗೆ ಮುಟ್ಟುತ್ತಿದೆ ಅಂತ ಮೊದಲು ನೋಡಬೇಕು’ ಅಂದರು.

ಪಕ್ಕದ ಕಾಂಪೌಂಡಿನಲ್ಲಿ ಒಂದು ಸಣ್ಣ ಕ್ಯಾಂಟೀನ್ ಇದೆ. ಅದನ್ನು ನಡೆಸುವ ಅಕ್ಕ ಬೋರ್ ನೀರಲ್ಲೇ ಟೀ, ಅನ್ನ ಎಲ್ಲ ಮಾಡುತ್ತಿದ್ದರು. ನೀರು ಕನ್ನಡಿ ಹಾಗೆ ತಿಳಿ. ಮೇಡಂ ಅದನ್ನೇ ಚಿಕ್ಕ ಸೀಸೆಗೆ ಹಿಡಿದು ಒಂದು ಪುಡಿ ಹಾಕಿ ಅಲ್ಲಾಡಿಸಿದರು. ಸ್ವಲ್ಪ ಹೊತ್ತಿಗೆ ನೀರು ತೆಳು ನೇರಳೆ ಬಣ್ಣಕ್ಕೆ ತಿರುಗಿತು. ಕ್ರೋಮಿಯಂನಲ್ಲೇ ಕೆಟ್ಟದ್ದು, ಕ್ಯಾನ್ಸರ್ ತರುವಂಥದ್ದು ಅಂತ ಗುರುತಿಸಿರುವ ಕ್ರೋಮ್ ಸಿಕ್ಸ್ ಇದ್ದರೆ ಹಾಗಾಗುತ್ತದಂತೆ. ‘ನಾವು ಕುದಿಸ್ತೀವಲ್ಲ ಮೇಡಂ’ ಅಂದರು ಅಕ್ಕ. ಕುದಿಸಿದರೆ ಲೋಹ ಹೋಗಲ್ಲ, ನೀರು ಇಂಗಿದಷ್ಟೂ ಜಾಸ್ತಿಯೇ ಆಗುತ್ತದೆ ಅಂತ ಮೇಡಂ ಬಿಡಿಸಿ ಹೇಳಿದರು. ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಸೀಸೆಯನ್ನೇ ನೋಡುತ್ತಾ ನಿಂತರು. ನನಗೆ ತಲೆ ಎತ್ತಲಾಗಲಿಲ್ಲ. ಲ್ಯಾಬ್ ರಿಪೋರ್ಟಿನಲ್ಲಿ ಲೀಟರಿಗೆ 0.4 ಮಿಲಿಗ್ರಾಂ ಕ್ರೋಮಿಯಂ ಬಂತು. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಇಟ್ಟಿರುವ ಮಿತಿ 0.05.

ಹಾಗಾಗಿ ಮೊದಲ ಖರ್ಚು ಆಗಿದ್ದು ಮಣ್ಣಿಗಲ್ಲ, ಕ್ಯಾಂಟೀನಿನ ಟ್ಯಾಂಕರ್ ನೀರಿಗೆ. ಅದು ಅವತ್ತೇ ಶುರುವಾಯ್ತು. ಎರಡನೆಯದು ಶೆಡ್ಡಿನ ಒಡೆದ ಶೀಟು. ಕ್ರೋಮ್ ಸಿಕ್ಸ್ ನೀರಲ್ಲಿ ಕರಗಿ ಹರಿಯುವ ಸ್ವಭಾವದ್ದು, ಸೋರುವ ಸೂರಿನಿಂದ ಪ್ರತಿ ಮಳೆಗೂ ಅದು ಇನ್ನಷ್ಟು ಕೆಳಗಿಳಿಯುತ್ತಿತ್ತು, ಇದು ನನಗೆ ಹೊಳೆದೇ ಇರಲಿಲ್ಲ. ಆಮೇಲೆ ಹದಿನಾಲ್ಕು ಕಡೆ ನೆಲ ಕೊರೆದು ಮಣ್ಣು ತೆಗೆದರು. ಹಳೇ ಟ್ಯಾಂಕಿನ ಅಡಿ ಮತ್ತು ಚರಂಡಿ ಪಕ್ಕ ಮಾತ್ರ ಕೆಟ್ಟಿತ್ತು, ಉಳಿದ ಜಾಗ ಪರವಾಗಿಲ್ಲ. 14 ಲಕ್ಷ ಸುಮ್ನೆ ಹೋಗುತ್ತಿತ್ತು.

ತೀರಾ ಕೆಟ್ಟ ಮಣ್ಣು, ಗುಂಡಿಯ ಕೆಸರು, ಕೊನೆಗೆ ಆ ಡ್ರಮ್‌ಗಳು ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯ ಘಟಕಕ್ಕೆ ಲಾರಿಯಲ್ಲಿ ಹೋದವು, ಫಾರಂ 10 ಸಮೇತ. ಅಂದರೆ ತ್ಯಾಜ್ಯ ಎಲ್ಲಿಂದ ಎಲ್ಲಿಗೆ ಹೋಯ್ತು ಅನ್ನೋದರ ದಾಖಲೆ ಕಾಗದ. ಆ ಪ್ರತಿ ನನ್ನ ಹತ್ತಿರ ಇದೆ. ನೀವು ಯಾರಿಗೇ ಕೆಲಸ ಕೊಟ್ಟರೂ ಆ ಕಾಗದ ಕೇಳಿ ಇಸ್ಕೊಳ್ಳಿ. ಆ ಜಾಗಗಳಲ್ಲಿ ಉಳಿದ, ಅಷ್ಟು ಕೆಟ್ಟಿಲ್ಲದ ಮಣ್ಣಿಗೆ ಅನ್ನಭೇದಿ ನೀರು ಕಲಸಿದರು. ಕಬ್ಬಿನ ಎಲೆ ಬಿಳಿಚಿದರೆ ಸಿಂಪಡಿಸುತ್ತಾರಲ್ಲ, ಅದೇ ಹಸಿರು ಹರಳು. ಅದು ಕ್ರೋಮ್ ಸಿಕ್ಸನ್ನು ಸುಲಭವಾಗಿ ಕರಗದ ಕ್ರೋಮ್ ತ್ರೀ ಮಾಡುತ್ತದೆ.

ಒಂದು ಸ್ಟಾರ್ ಕಳೆದಿದ್ದು ಯಾಕೆ? ಹತ್ತು ದಿನ ಅಂದ ರಿಪೋರ್ಟಿಗೆ ಐದು ವಾರ ಹಿಡಿಯಿತು. ಎರಡನೇ ಭೇಟಿಗೆ ಬೇರೆ ದುಡ್ಡು ಅಂತ ಮೊದಲೇ ಹೇಳಲಿಲ್ಲ. 60 ಪುಟ ಪೂರ್ತಿ ಇಂಗ್ಲಿಷು. ಕ್ಯಾಂಟೀನ್ ಅಕ್ಕನಿಗೆ ಓದೋಕಾಗಬೇಕಲ್ವಾ? ಜಗಳ ಆಡಿದ ಮೇಲೆ ಕನ್ನಡದಲ್ಲಿ ಒಂದು ಪುಟ ಬರೆದುಕೊಟ್ಟರು.

ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸಿದರೆ ಸಿಕ್ಕಿಹಾಕಿಕೊಳ್ತೀವಿ ಅಂತ ನೆಂಟರೆಲ್ಲ ಹೆದರಿಸಿದರು. ಕಲುಷಿತ ಜಾಗಗಳಿಗೆ ಅಂತಲೇ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ನಿಯಮ ತಂದಿದೆ. ಅನುಮಾನದ ಜಾಗದ ಮಾಹಿತಿ ಸಿಕ್ಕ 90 ದಿನದೊಳಗೆ ರಾಜ್ಯ ಮಂಡಳಿ ಮೊದಲ ಪರಿಶೀಲನೆ ಮಾಡಬೇಕು, ಹಾಳು ಮಾಡಿದವರೇ ಖರ್ಚು ಹೊರಬೇಕು. ಹಾಳು ಮಾಡಿದ್ದು ನಾವೇ. ಅದಕ್ಕೇ ನಾನೇ ಹೋಗಿ ಅರ್ಜಿ ಕೊಟ್ಟು ಬಂದೆ.

ಮೂರು ತಿಂಗಳಿಗೊಮ್ಮೆ ಬೋರ್ ನೀರು ಟೆಸ್ಟ್ ಮಾಡಿಸುತ್ತಿದ್ದೇನೆ. ಹೋದ ಸಲ 0.12 ಬಂದಿದೆ. ಅಕ್ಕನಿಗೆ ಟ್ಯಾಂಕರ್ ಇನ್ನೂ ದಿನಾ ಬೆಳಿಗ್ಗೆ ಆರಕ್ಕೆ ಬರುತ್ತಿದೆ.